ಹತ್ತಕ್ಕೆ ಮೂರು

ಹೂವಿಡುವ ನೆಪದಲ್ಲಿ ಹೆಣದ ತಲೆಯ ಕಡೆಗೆ ಬಗ್ಗಿದ ಅಂಚೆಯಮ್ಮ, ಹಿಂದಿನ ಗೋಡೆಯ ಕಪಾಟಿನಲ್ಲಿದ್ದ ಪುಸ್ತಕಗಳ ಬೆನ್ನುಗಳನ್ನು ಒಂದೊಂದಾಗಿ ಓದುತ್ತಿದ್ದಳು. ಮೇಲಿನ ಸಾಲಿನಲ್ಲಿ ಅದು ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಮೂರನೆಯ ಸಾಲು ನೋಡಬೇಕಾದರೆ ಇನ್ನೂ ಬಗ್ಗಬೇಕಿತ್ತು. ಅಷ್ಟು ಬಗ್ಗಿದರೆ ಸತ್ತವನ ಹಣೆಗೆ ಮುತ್ತಿಡುತ್ತಿದ್ದಾಳೆ ಎಂದು ಕೂತವರು ತಿಳಿದುಕೊಳ್ಳುತ್ತಿದ್ದರು. ಆ ಮನುಷ್ಯನ ಹಣೆಗೆ ಮುತ್ತಿಟ್ಟಳೆಂಬ ಅಪವಾದಕ್ಕಿಂತ ಕಳ್ಳಿ ಎನ್ನಿಸಿಕೊಳ್ಳುವುದೇ ವಾಸಿ ಎಂದುಕೊಂಡು ಅವಳು ಸೊಂಟ ನೆಟ್ಟಗೆ ಮಾಡಿದಳು.

"ಏನ್ ಹುಡುಕ್ತಿದೀರ ಆಂಟಿ?"

ಬೆನ್ನ ಹಿಂದೆ ಸತ್ತವನ ಮಗಳು ನಿಂತಿದ್ದಳು. ಊರಿನ ಬಸ್ಸು ಓಡಿಸುವವಳು. ಹಿಂದೆ ನಡೆಯುವುದನ್ನೂ ಮುಂದೆ ನೋಡುತ್ತಲೇ ತಿಳಿದುಕೊಳ್ಳುವ ಕಣ್ಣು.

"ಏನಿಲ್ಲಮ್ಮ. ಮುಖ ನೋಡ್ತಿದ್ದೆ."

"ಮುಖ ಕೆಳಗಿದೆ. ನೀವು ನೋಡ್ತಿದ್ದದ್ದು ಕಪಾಟು."

ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸಿ ನಿವೃತ್ತಳಾದ ಹೆಂಗಸು, ಇಷ್ಟು ಸುಲಭವಾಗಿ ಸಿಕ್ಕಿಬೀಳಬಾರದಿತ್ತು. ಅಂಚೆಯಮ್ಮ ತೆಪ್ಪಗೆ ಹೋಗಿ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಆದರೆ ಕಣ್ಣು ಮೂರನೆಯ ಸಾಲಿನ ಮೇಲೆಯೇ ಇತ್ತು. ಅವಳಿಗೆ ಬೇಕಿದ್ದದ್ದು ನೀಲಿ ರೆಕ್ಸಿನ್ ಹೊದಿಕೆಯ, ಹೆಸರಿಲ್ಲದ, ಟೈಪು ಮಾಡಿ ಹೊಲಿಸಿದ ಒಂದು ಪುಸ್ತಕ. ಅದರ ಹಿಂಬದಿಯ ರಟ್ಟಿಗೆ ಅಂಟಿಸಿದ ಒಂದು ಬಿಳಿ ಲಕೋಟೆ. ಹನ್ನೆರಡು ಗಂಟೆಗೆ ವ್ಯಾನು ಬರುವುದರೊಳಗೆ, ಓದುಗರ ಬಳಗದ ಬೇರೆ ಯಾರ ಕೈಗೂ ಸಿಗುವ ಮೊದಲು, ಅದು ಅವಳ ಚೀಲಕ್ಕೆ ಬೀಳಬೇಕಿತ್ತು. ಅವಳು ಬಂದದ್ದೇ ಅದಕ್ಕೆ. ಅಳುವುದಕ್ಕಂತೂ ಅಲ್ಲ.

ಮೂರನೇ ಮಹಡಿಯ ಸಣ್ಣ ಮನೆ. ಹಾಲಿನಿಂದ ಸೋಫಾ ಹೊರಗೆ ಹಾಕಿ, ಬಾಡಿಗೆಯ ಮಂಚ ತಂದು ಹೆಣ ಮಲಗಿಸಿದ್ದರು. ನಿನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಿದ್ದವನು ನಿಂತಲ್ಲೇ ಕುಸಿದನಂತೆ. ಬಾಗಿಲಲ್ಲಿ ನೆರೆಯವರಿಬ್ಬರು ಗುಸುಗುಸು ಲೆಕ್ಕ ಹಾಕುತ್ತಿದ್ದರು: ಈ ಕಟ್ಟಡದ ಲಿಫ್ಟಿನಲ್ಲಿ ಉದ್ದಕ್ಕೆ ಮಲಗಿಸಿ ಒಯ್ಯಲು ಜಾಗವಿಲ್ಲ, ನಿಲ್ಲಿಸಿ ಒಯ್ಯುವುದು ಚೆನ್ನಾಗಿರುವುದಿಲ್ಲ, ಹಾಗಾಗಿ ಮೆಟ್ಟಿಲೇ ಗತಿ. ನಲವತ್ತು ವರ್ಷ ಊರಿನವರನ್ನೆಲ್ಲ ಮೇಲೆ ಕೆಳಗೆ ಮಾಡಿಸಿದ ಲಿಫ್ಟು ಮೆಕ್ಯಾನಿಕ್ಕನನ್ನು ಮೆಟ್ಟಿಲಲ್ಲಿ ಹೊತ್ತು ಇಳಿಸಬೇಕಾಗಿತ್ತು.

ಹತ್ತೂವರೆಗೆ ಬಳಗದ ಉಳಿದ ಮೂವರೂ ಒಟ್ಟಿಗೆ ಬಂದರು. ಮುಂದೆ ವಕೀಲರು, ಅವರ ಹಿಂದೆ ಹಲ್ಲಿನ ಡಾಕ್ಟರಮ್ಮ, ಕೊನೆಗೆ ಹೂವಿನ ಹಾರವನ್ನು ಬ್ರೆಡ್ಡಿನ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದುಕೊಂಡ ಬೇಕರಿಯವನು. ವಕೀಲರು ಹೆಣದ ಮುಂದೆ ಕೈ ಕಟ್ಟಿ ನಿಂತು ಗಂಟಲು ಸರಿಮಾಡಿಕೊಂಡರು.

"ಪುಣ್ಯಾತ್ಮ. ಯಾರ ಬಗ್ಗೆಯೂ ಒಂದು ಕೆಟ್ಟ ಮಾತು ಆಡಿದವರಲ್ಲ."

"ಲಾಯರ್ ಸಾರ್," ಎಂದಳು ಮಗಳು, "ಬೇರೆ ಯಾರದೋ ಮನೆಗೆ ಬಂದಿರೋ ಹಾಗಿದೆ."

ಬಾಗಿಲಲ್ಲಿದ್ದ ನೆರೆಯವನೊಬ್ಬ ನಕ್ಕು, ಅದನ್ನು ಕೆಮ್ಮಾಗಿ ಬದಲಾಯಿಸಿದ. ವಕೀಲರು ಹರಳೆಣ್ಣೆ ಕುಡಿದವರಂತೆ ಮುಖ ಮಾಡಿಕೊಂಡು ಅಂಚೆಯಮ್ಮನ ಪಕ್ಕದ ಕುರ್ಚಿಗೆ ಬಂದು ಕೂತರು.

*

ಬಳಗ ಹುಟ್ಟಿ ಹನ್ನೊಂದು ವರ್ಷವಾಗಿತ್ತು. ತಿಂಗಳ ಕೊನೆಯ ಶನಿವಾರ ಸಂಜೆ, ಬೇಕರಿಯ ಹಿಂದಿನ ಕೋಣೆಯಲ್ಲಿ, ಹಿಟ್ಟಿನ ಮೂಟೆಗಳ ನಡುವೆ ಐದು ಸ್ಟೂಲು. ಎಲ್ಲರೂ ಸರದಿಯಂತೆ ಒಂದೇ ಪುಸ್ತಕ ಓದುವುದು: ಮೊದಲು ವಕೀಲರು, ಆಮೇಲೆ ಡಾಕ್ಟರಮ್ಮ, ಬೇಕರಿಯವನು, ಅಂಚೆಯಮ್ಮ, ಕಟ್ಟಕಡೆಗೆ ಲಿಫ್ಟಿನವನು. ಓದಿದವರು ಅಭಿಪ್ರಾಯವನ್ನು ಒಂದು ಚೀಟಿಯಲ್ಲಿ ಬರೆದು, ಹತ್ತಕ್ಕೆ ಎಷ್ಟು ಅಂಕವೆಂದು ನಮೂದಿಸಿ, ಪುಸ್ತಕದ ಹಿಂಬದಿಗೆ ಅಂಟಿಸಿದ ಲಕೋಟೆಯೊಳಗೆ ಹಾಕಬೇಕು. ಲಕೋಟೆಯ ಬಾಯಿ ಮೊದಲೇ ಮುಚ್ಚಿರುತ್ತದೆ. ಚೀಟಿ ತೂರಿಸಲು ಮೇಲೊಂದು ಸೀಳು ಮಾತ್ರ. ಎಲ್ಲರೂ ಓದಿಯಾದ ಮೇಲೆಯೇ ಒಟ್ಟಿಗೆ ಕೂತು ಬಿಚ್ಚುವುದು. ಇನ್ನೊಬ್ಬರು ಏನು ಬರೆದರೆಂದು ನೋಡಿಕೊಂಡು ತನ್ನ ಅಭಿಪ್ರಾಯವನ್ನು ತಿದ್ದಿಕೊಳ್ಳುವ ಹಾಗಿಲ್ಲ.

ಈ ಕಟ್ಟಳೆಯೆಲ್ಲ ಅಂಚೆಯಮ್ಮನದೇ. ಮುಚ್ಚಿಹೋದ ತನ್ನ ಶಾಖೆಯ ಗುಂಡುಮೊಹರನ್ನು ಅವಳು ನಿವೃತ್ತಿಯ ದಿನ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದಿದ್ದಳು. ಲಕೋಟೆ ಅಂಟಿಸಿ, ಅರ್ಧ ಮುಚ್ಚಳದ ಮೇಲೆ, ಅರ್ಧ ಮೈಮೇಲೆ ಬೀಳುವ ಹಾಗೆ ಧಪ್ಪೆಂದು ಒಂದು ಮೊಹರು ಹೊಡೆಯುತ್ತಿದ್ದಳು. ಬಿಚ್ಚಿದರೆ ಗೊತ್ತಾಗಬೇಕು. ಪರರ ಕಾಗದ ಮುಟ್ಟುವುದೆಂದರೆ ಏನೆಂದು ತನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ ಎಂದು ಹೇಳಿಕೊಳ್ಳುವುದು ಅವಳಿಗೆ ಬಲು ಇಷ್ಟ.

ಲಿಫ್ಟಿನವನು ಬಳಗಕ್ಕೆ ಬಂದದ್ದು ಆಕಸ್ಮಿಕವಾಗಿ. ಡಾಕ್ಟರಮ್ಮನ ದವಾಖಾನೆಯಿದ್ದ ಕಟ್ಟಡದ ಲಿಫ್ಟು ಕೆಟ್ಟಾಗ, ತಳದ ಗುಂಡಿಯಲ್ಲಿ ಟಾರ್ಚು ಹಚ್ಚಿಕೊಂಡು ಕೂತು ಕಾದಂಬರಿ ಓದುತ್ತಿದ್ದ ಮನುಷ್ಯನನ್ನು ಅವಳು ಕಂಡಳು. ಕುತೂಹಲಕ್ಕೆ ಕರೆದುಕೊಂಡು ಬಂದಳು. ಮೊದಲ ಸಲವೇ ಅವನು ಬಾಯಿಬಿಟ್ಟು, ವಕೀಲರು ಕಣ್ಣೀರು ಹಾಕಿಕೊಂಡು ಓದಿದ್ದ ರಾಣಿಯ ಕತೆಗೆ ಹತ್ತಕ್ಕೆ ಒಂದು ಕೊಟ್ಟ. "ನಾನೂರು ಪುಟದಲ್ಲಿ ಈಯಮ್ಮಂಗೆ ಒಂದು ಸಲ ಹಸಿವಾಗಲ್ಲ, ಒಂದು ಸಲ ನೆಗಡಿ ಆಗಲ್ಲ. ಇವಳು ಬದುಕಿದ್ದಳು ಅಂತ ನಾನ್ಯಾಕೆ ನಂಬಲಿ?" ಅವತ್ತು ವಕೀಲರು ಚಹಾ ಕುಡಿಯಲಿಲ್ಲ. ಮೊದಲು ಮಾತಾಡಿ ಎಲ್ಲರ ಬಾಯಿರುಚಿ ಕೆಡಿಸುತ್ತಾನೆಂದು, ಮುಂದಿನ ತಿಂಗಳಿಂದ ಅವನನ್ನು ಸರದಿಯ ಕೊನೆಗೆ ತಳ್ಳಿದರು.

ಕೊನೆಯಲ್ಲಿ ಕೂತೂ ಅವನು ಬಗ್ಗಲಿಲ್ಲ. ಪತ್ತೇದಾರಿ ಕಾದಂಬರಿಗೆ ಎರಡು: "ಕೊಲೆಗಾರ ಮೂವತ್ತನೇ ಪುಟದಲ್ಲೇ ಗೊತ್ತಾದ. ಪೊಲೀಸಿನವನಿಗೆ ಮುನ್ನೂರು ಪುಟ ಬೇಕಾಯ್ತು. ಅವನನ್ನ ಕೆಲಸದಿಂದ ತೆಗೀಬೇಕು." ಪರ್ವತ ಹತ್ತಿದವನ ಆತ್ಮಕತೆಗೆ ಒಂದು: "ಹತ್ತಿದ್ದು ಇವನು, ಹೊತ್ತದ್ದು ಇನ್ಯಾರೋ. ಹೊತ್ತವನ ಹೆಸರೇ ಇಲ್ಲ." ಅಂಚೆಯಮ್ಮ ದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗುತ್ತಿದ್ದ ಕವನ ಸಂಕಲನಕ್ಕೆ ಒಂದೂವರೆ: "ಚಂದ್ರ ಹದಿನೇಳು ಸಲ ಬಂದ." ಎಣಿಸಿದ್ದ, ಹಾಳಾದವನು! ಜೇನು ಸಾಕಣೆಯ ಕೈಪಿಡಿಯೊಂದಕ್ಕೆ ಮಾತ್ರ ಮೂರು ಕೊಟ್ಟ: "ಬರೆದವನಿಗೆ ನಿಜವಾಗ್ಲೂ ಜೇನು ಕಚ್ಚಿದೆ." ಹನ್ನೊಂದು ವರ್ಷದಲ್ಲಿ ಅವನು ಮೂರು ದಾಟಲಿಲ್ಲ. ಬೆನ್ನ ಹಿಂದೆ ಎಲ್ಲರೂ ಅವನನ್ನು ಮೂರಂಕ ಎಂದೇ ಕರೆಯುತ್ತಿದ್ದರು.

ಇದೂ ಸಾಲದೆಂಬಂತೆ ಅವನ ಕೈ. ಎಷ್ಟು ತೊಳೆದರೂ ಗ್ರೀಸು ಹೋಗದ ಹೆಬ್ಬೆರಳು. ಓದಿದ ಪುಟದ ಮೂಲೆಯಲ್ಲೆಲ್ಲ ಕಪ್ಪು ಗುರುತು. ಪುಸ್ತಕ ಕೊಳ್ಳುವ ಸರದಿ ಬೇಕರಿಯವನದಾದಾಗ ಅವನು ಆ ಗುರುತುಗಳನ್ನು ಎಲ್ಲರ ಮುಂದೆ ಎತ್ತಿ ಎತ್ತಿ ತೋರಿಸುತ್ತಿದ್ದ. ಮೂರಂಕ ನಗುತ್ತಿದ್ದನೇ ಹೊರತು ಒಂದು ದಿನವೂ ಕ್ಷಮಿಸಿ ಅನ್ನಲಿಲ್ಲ.

*

"ನಾವೇ ಕೊಂದ್ವಿ," ಎಂದಳು ಡಾಕ್ಟರಮ್ಮ ಅಡುಗೆಮನೆಯಲ್ಲಿ, ಚಹಾದ ಲೋಟ ಕೈಯಲ್ಲೇ ಹಿಡಿದುಕೊಂಡು. "ಮೂರು ವಾರದ ಹಿಂದೆ ಅಷ್ಟು ಜನ ಸೇರಿ ಅವರ ಮೇಲೆ ಬಿದ್ದದ್ದು."

"ನಾವು ಅನ್ಬೇಡಿ," ಎಂದ ಬೇಕರಿಯವನು. "ಮೊದಲು ಕಳ್ಳ ಅಂದದ್ದು ಯಾರು? ನೀವು."

"ನಾನು ಕಳ್ಳ ಅನ್ನಲಿಲ್ಲ. ಕೊನೆಗೆ ಪುಸ್ತಕ ಇದ್ದದ್ದು ಯಾರ ಹತ್ರ ಅಂತ ಕೇಳಿದೆ."

"ಅದಕ್ಕೇ ಕಳ್ಳ ಅನ್ನೋದು. ನೀವು ಓದಿರೋರು, ಸುತ್ತಿ ಬಳಸಿ ಹೇಳ್ತೀರಿ ಅಷ್ಟೇ."

"ಮೆಲ್ಲಗೆ, ಮೆಲ್ಲಗೆ," ಎಂದರು ವಕೀಲರು. "ಸತ್ತ ಮನೆ ಇದು. ಸಾಕ್ಷ್ಯ ನೋಡಿದರೆ ಬಿಚ್ಚಿದ್ದು ಅವನೇ. ಅದರಲ್ಲಿ ಅನುಮಾನ ಇಲ್ಲ. ಆದರೆ ಈಗ ಅದನ್ನ ಎತ್ತೋದು ಬೇಡ. ಏನಂತೀರಿ ಅಂಚೆಯಮ್ಮ?"

"ಬೇಡ," ಎಂದಳು ಅಂಚೆಯಮ್ಮ, ಸ್ವಲ್ಪ ಬೇಗನೇ. "ಪುಸ್ತಕ ತಗೊಂಡು ಹೋಗಿ ಸುಮ್ನಾಗೋಣ. ಲಕೋಟೆ ನಾನು ಹರಿದು ಹಾಕ್ತೀನಿ."

"ಹರಿಯೋದ್ಯಾಕೆ?"

ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳ ಕಂಕುಳಲ್ಲಿ ನೀಲಿ ಪುಸ್ತಕವಿತ್ತು. ಅಂಚೆಯಮ್ಮ ಕಣ್ಣು ಬಿಟ್ಟು ಅದನ್ನೇ ನೋಡಿದಳು. ಕಪಾಟಿನಲ್ಲಿ ಇರಲೇ ಇಲ್ಲ. ಇಷ್ಟು ಹೊತ್ತೂ ಈ ಹುಡುಗಿಯ ಹತ್ತಿರವೇ ಇತ್ತು.

"ನಮ್ಮಪ್ಪ ಲಕೋಟೆ ಬಿಚ್ಚಿ ನಿಮ್ಮ ಅಭಿಪ್ರಾಯ ಕದ್ದು ಓದಿದರು ಅಂದ್ರಲ್ಲ. ಅಂಥಾ ಘನಂದಾರಿ ಏನಿದೆ ಇದರಲ್ಲಿ ಅಂತ ನಾನೂ ನೋಡ್ಬೇಕು. ಬನ್ನಿ. ಅವರ ಮುಂದೆ ಬಿಚ್ಚಿ."

"ಈಗ್ಲಾ?" ಎಂದರು ವಕೀಲರು.

"ವ್ಯಾನು ಹನ್ನೆರಡಕ್ಕೆ. ಆಮೇಲೆ ಅವರು ಸಿಗಲ್ಲ."

*

ಆ ನೀಲಿ ಪುಸ್ತಕ ಅಂಚೆಯಮ್ಮ ಬರೆದದ್ದು. ಇದು ಪ್ರಪಂಚದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಒಂಬತ್ತು ವರ್ಷ ಬರೆದಿದ್ದಳು. ಪತ್ರ ವಿಂಗಡಿಸುವ ಒಬ್ಬ ಹೆಂಗಸಿನ ಕತೆ: ಮೂವತ್ತು ವರ್ಷ ಲಕ್ಷಾಂತರ ಕಾಗದ ಅವಳ ಕೈಯಿಂದ ದಾಟುತ್ತವೆ, ಅವಳಿಗೇ ಅಂತ ಒಂದೂ ಬರುವುದಿಲ್ಲ, ಆದರೂ ಒಂದು ಕಾರ್ಡಿನ ಮೇಲೂ ಕಣ್ಣಾಡಿಸದೆ ಕಲ್ಲಿನಂತೆ ಬದುಕುತ್ತಾಳೆ. ಟೈಪು ಮಾಡಿಸಿ, ಹೊಲಿಸಿ, ಮೊದಲ ಪುಟ ಕಿತ್ತು, "ವಿಳಾಸ ಸಿಗದೆ ಉಳಿದ ಪಾರ್ಸೆಲಿನಲ್ಲಿ ಸಿಕ್ಕಿದ್ದು, ಯಾರು ಬರೆದದ್ದೋ ಏನೋ" ಎಂದು ಬಳಗದ ಮೇಜಿನ ಮೇಲಿಟ್ಟಳು. ಹೆಸರು ಹೇಳಿದರೆ ಮುಲಾಜಿಗೆ ಹೊಗಳುತ್ತಾರೆ. ನಿಜ ತಿಳಿಯಬೇಕು ಎಂದು ಅವಳ ಆಸೆ. ಅವರೆಲ್ಲ ಹೊಗಳಬೇಕು, ಆಮೇಲೆ ತಾನು ಎದ್ದು ನಿಂತು ಹೇಳಬೇಕು ಎಂಬುದು ಅದಕ್ಕಿಂತ ದೊಡ್ಡ ಆಸೆ.

ಮೂವರು ಓದಿ ಪುಸ್ತಕ ಅವಳ ಸರದಿಗೆ ಬಂತು. ತನ್ನ ಪುಸ್ತಕವನ್ನು ತಾನೇ ಓದುವ ನಾಟಕ ಮಾಡಿಕೊಂಡು ಎರಡು ದಿನ ಮನೆಯಲ್ಲಿಟ್ಟುಕೊಂಡಳು. ಲಕೋಟೆಯೊಳಗೆ ಮೂರು ಚೀಟಿ. ಅಲ್ಲಾಡಿಸಿದರೆ ಸರಕ್ಕೆನ್ನುತ್ತಿತ್ತು. ಮೂವತ್ತೊಂದು ವರ್ಷ ಸರ್ಕಾರಿ ಚೀಲದಲ್ಲಿದ್ದ ಯಾವ ಕಾಗದವೂ ಅವಳನ್ನು ಹಾಗೆ ಕರೆದಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಬಾಗಿಲ ಚಿಲಕ ಹಾಕಿ, ಒಲೆಯ ಮೇಲೆ ನೀರಿಟ್ಟು, ಆವಿಗೆ ಲಕೋಟೆಯ ಬಾಯಿ ಹಿಡಿದಳು. ಅಂಟು ಬಿಡುವುದಕ್ಕೆ ಎಷ್ಟು ಹೊತ್ತು ಬೇಕೆಂದು ಅವಳಿಗೆ ಗೊತ್ತಿತ್ತು. ಇಂಥ ಕಳ್ಳರನ್ನು ಹಿಡಿಯುವ ತರಬೇತಿಯನ್ನು ಇಲಾಖೆಯೇ ಕೊಟ್ಟಿತ್ತು.

ಓದಿದಳು. ಒಂದೊಂದು ಚೀಟಿಯನ್ನೂ ನಿಂತೇ ಓದಿದಳು. ಓದಿಯಾದ ಮೇಲೆ ಒಲೆ ಆರಿಸುವುದಕ್ಕೂ ಕೈ ಏಳಲಿಲ್ಲ. ನೀರೆಲ್ಲ ಇಂಗಿ ಪಾತ್ರೆ ತಳ ಹಿಡಿಯಿತು. ಆಮೇಲೆ ತನ್ನದೂ ಒಂದು ಚೀಟಿ ಬರೆದು ಸೇರಿಸಿ, ಲಕೋಟೆಯ ಬಾಯಿಗೆ ಅಂಟು ಹಚ್ಚಿ, ಮೊಹರಿನ ಎರಡು ಅರ್ಧವನ್ನೂ ಕೂಡಿಸಿ ಒತ್ತಿದಳು. ಕನ್ನಡಕ ಒದ್ದೆಯಾಗಿತ್ತು. ಒಂದು ಕೂದಲೆಳೆಯಷ್ಟು ಆಚೀಚೆಯಾಯಿತೇನೋ, ಅವಳಿಗೆ ಕಾಣಲಿಲ್ಲ.

ಮೂರಂಕನಿಗೆ ಕಂಡಿತು. ಮುಂದಿನ ಸಭೆಯಲ್ಲಿ ತನ್ನ ಚೀಟಿಯನ್ನು ಜೇಬಿನಿಂದ ತೆಗೆಯುವ ಮೊದಲು ಅವನು ಲಕೋಟೆಯನ್ನು ದೀಪದ ಕೆಳಗೆ ಹಿಡಿಯುವಂತೆ ಬೇಕರಿಯವನಿಗೆ ಹೇಳಿದ. "ಮೊಹರು ನೋಡಿ. ಮೇಲಿನರ್ಧಕ್ಕೂ ಕೆಳಗಿನರ್ಧಕ್ಕೂ ಮಟ್ಟ ತಪ್ಪಿದೆ. ಲಿಫ್ಟು ಮಹಡಿಗಿಂತ ಇಷ್ಟೇ ಇಷ್ಟು ಕೆಳಗೆ ನಿಂತರೆ ನಂಗೆ ಗೊತ್ತಾಗತ್ತೆ. ಇದನ್ನ ಯಾರೋ ಬಿಚ್ಚಿ ಅಂಟಿಸಿದಾರೆ."

ಆಮೇಲೆ ಡಾಕ್ಟರಮ್ಮ ಕೇಳಿದಳು, ಕೊನೆಗೆ ಪುಸ್ತಕ ಯಾರ ಹತ್ತಿರ ಇತ್ತು ಎಂದು. ಹನ್ನೊಂದು ವರ್ಷದಿಂದ ಕೂಡಿಟ್ಟುಕೊಂಡದ್ದೆಲ್ಲ ಹೊರಬಿತ್ತು. ಪ್ರತಿ ಸಲವೂ ಎಲ್ಲರಿಗಿಂತ ಬೇರೆ ಅಭಿಪ್ರಾಯ ಹೇಗೆ ಬರುತ್ತಿತ್ತೆಂದು ಈಗ ತಿಳಿಯಿತು ಎಂದರು ವಕೀಲರು. ಕಳ್ಳ ತಾನೇ ಕೂಗಿಕೊಳ್ಳುವ ಉಪಾಯ ಇದು ಎಂದ ಬೇಕರಿಯವನು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಮಾತ್ರ ಅಂಚೆಯಮ್ಮ.

"ಕಂಡವರ ಕಟ್ಟಡದ ಸಂದಿಯಲ್ಲಿ ಇಣುಕಿ ಇಣುಕಿ ಅಭ್ಯಾಸ ಆಗಿದೆ ನಿಮಗೆ! ಪರರ ಕಾಗದದ ಬೆಲೆ ನಿಮಗೇನ್ರೀ ಗೊತ್ತು?"

ಮೂರಂಕ ಅವಳನ್ನು ನೋಡಿದ. ಸಿಟ್ಟಿನಿಂದಲ್ಲ, ಕೆಟ್ಟ ಯಂತ್ರದ ಸದ್ದು ಕೇಳಿ ಎಲ್ಲಿ ತೊಂದರೆಯೆಂದು ಗೊತ್ತುಮಾಡಿಕೊಳ್ಳುವವನ ಹಾಗೆ ನೋಡಿದ. ಆಮೇಲೆ ಪುಸ್ತಕ ಎತ್ತಿಕೊಂಡು, ಚೀಟಿಯನ್ನು ವಾಪಸು ಜೇಬಿಗಿಟ್ಟುಕೊಂಡು ಹೊರಟುಹೋದ. ಅವತ್ತೇ ಅವಳು ಬಾಯಿ ಬಿಡಬಹುದಿತ್ತು. ಮರುದಿನ ಹೋಗಿ ಹೇಳಬಹುದಿತ್ತು. ಮೂರು ವಾರ ಅವಳು ದಿನವೂ ನಾಳೆ ಎಂದುಕೊಂಡಳು.

*

ವಕೀಲರು ಹೆಣದ ಕಾಲಬಳಿ ನಿಂತು ಲಕೋಟೆಯ ಬಾಯಿಯನ್ನು ಪೇಪರು ಚಾಕುವಿನಿಂದ ಸೀಳಿದರು. ಮಗಳು ತಲೆಯ ಬಳಿ ನಿಂತಿದ್ದಳು. ಅಂಚೆಯಮ್ಮ ಕಿಟಕಿಯ ಹತ್ತಿರ, ಮೂರು ಮಾರು ದೂರದಲ್ಲಿ, ಕೆಳಗಿನ ಬೀದಿ ನೋಡುತ್ತಾ ನಿಂತಳು. ಓದಿ ಮುಗಿಸಿಬಿಡಲಿ. ನಾಲ್ಕು ಚೀಟಿ, ಐದು ನಿಮಿಷ. ಆಮೇಲೆ ಇದೆಲ್ಲ ಆ ಮನುಷ್ಯನ ಜೊತೆಗೇ ಹೋಗಿಬಿಡುತ್ತದೆ. ಬಿಚ್ಚಿದವನು ಮೂರಂಕ ಎಂದೇ ಉಳಿಯುತ್ತದೆ. ಸತ್ತವನಿಗೆ ಅದರಿಂದ ಏನು ನಷ್ಟ? ಹೀಗೆ ಯೋಚಿಸಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಆದರೂ ಅದನ್ನೇ ಯೋಚಿಸಿದಳು.

"ಮೊದಲನೇದು ನನ್ನದೇ," ಎಂದು ವಕೀಲರು ಕೋರ್ಟಿನ ಧ್ವನಿ ತೆಗೆದರು. "'ಹತ್ತಕ್ಕೆ ಐದು. ಭಾಷೆ ಶುದ್ಧವಾಗಿದೆ. ಘಟನೆ ಎಂಬುದು ಇಲ್ಲ. ಲೇಖಕರು ಯಾರೇ ಆಗಿರಲಿ, ನಿವೃತ್ತಿಯ ನಂತರ ತೋಟಗಾರಿಕೆ ಮಾಡುವುದು ಒಳ್ಳೆಯದು.'"

"ಎರಡನೇದು?" ಎಂದಳು ಮಗಳು.

"'ಹತ್ತಕ್ಕೆ ಎರಡು. ನಿದ್ದೆ ಬರದ ರಾತ್ರಿಗೆ ಒಳ್ಳೇದು. ನಾನು ಹನ್ನೆರಡು ಪುಟ ಬಿಟ್ಟು ಓದಿದೆ, ಏನೂ ತಪ್ಪಿಹೋಗಲಿಲ್ಲ.'"

ಬೇಕರಿಯವನು ನೆಲ ನೋಡಿದ. ವಕೀಲರು ಮೂರನೆಯದನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಡಾಕ್ಟರಮ್ಮನ ಅಕ್ಷರ. ಅವಳು ತನಗೂ ಆ ಚೀಟಿಗೂ ಸಂಬಂಧವೇ ಇಲ್ಲವೆಂಬಂತೆ ತಿರುಗದ ಫ್ಯಾನನ್ನು ದಿಟ್ಟಿಸುತ್ತಿದ್ದಳು.

"'ಹತ್ತಕ್ಕೆ ಮೂರು. ಈ ಪುಸ್ತಕ ಓದುವುದೆಂದರೆ... ಒಣ... ಒಣಗಿದ...' ಇದೇನಿದು, ಟೊಮೇಟೊನಾ? 'ಒಣಗಿದ ಟ...'"

"ಟವಲು," ಎಂದಳು ಅಂಚೆಯಮ್ಮ ಬೀದಿ ನೋಡುತ್ತಲೇ. "ಒಣಗಿದ ಟವಲನ್ನು ಹಿಂಡಿದ ಹಾಗೆ. ಎಷ್ಟು ಹಿಂಡಿದರೂ ಒಂದು ಹನಿ ಬೀಳಲಿಲ್ಲ."

ವಕೀಲರು ಚೀಟಿಯಿಂದ ತಲೆಯೆತ್ತಿದರು.

ಆ ಮಾತು ಆರು ವಾರದಿಂದ ಅವಳ ತಲೆಯೊಳಗೆ ಸುತ್ತುತ್ತಿತ್ತು. ಹಲ್ಲುಜ್ಜುವಾಗ, ಬಟ್ಟೆ ಮಡಿಸುವಾಗ, ನಿಜವಾದ ಟವಲನ್ನು ಹಿಂಡಿ ಹಗ್ಗಕ್ಕೆ ಹಾಕುವಾಗ. ಕೆಟ್ಟ ಕೈಬರಹದ ಮುಂದೆ ಯಾರಾದರೂ ತಡವರಿಸಿದರೆ ಓದಿ ಹೇಳುವುದು ಅವಳ ಮೂವತ್ತೊಂದು ವರ್ಷದ ಕೆಲಸ. ಎರಡೂ ಸೇರಿ ಅವಳ ನಾಲಿಗೆಯನ್ನು ಎಳೆದವು. ತಾನು ಏನು ಹೇಳಿದೆನೆಂದು ಅವಳಿಗೆ ತಿಳಿದದ್ದು, ತಿರುಗಿ ನೋಡಿದಾಗ ನಾಲ್ಕು ಜೊತೆ ಕಣ್ಣು ತನ್ನ ಮೇಲಿದ್ದಾಗಲೇ.

"ನಾನದನ್ನ ಯಾರಿಗೂ ಹೇಳಿಲ್ಲ," ಎಂದಳು ಡಾಕ್ಟರಮ್ಮ ಮೆಲ್ಲಗೆ. "ನನ್ನ ಗಂಡನಿಗೂ."

ವಕೀಲರು ಚೀಟಿಯನ್ನೊಮ್ಮೆ ಕಿಟಕಿಯನ್ನೊಮ್ಮೆ ನೋಡಿದರು. ಆಮೇಲೆ ನಾಲ್ಕನೆಯದನ್ನು ಬಿಡಿಸಿದರು. ಅದು ಮುತ್ತಿನಂಥ, ಅಂಚೆಯ ರಿಜಿಸ್ಟರಿನ ಅಕ್ಷರ, ಎಲ್ಲೂ ತಡವರಿಸಬೇಕಾಗಲಿಲ್ಲ. "'ಹತ್ತಕ್ಕೆ ಎಂಟು. ಅಪರೂಪದ ಸಂಯಮ. ಇಂಥ ಲೇಖಕಿಯನ್ನು ಲೋಕ ಗುರುತಿಸಲಿಲ್ಲ ಎಂಬುದು ಲೋಕದ ದೌರ್ಭಾಗ್ಯ.'"

"ಲೇಖಕಿ," ಎಂದ ಬೇಕರಿಯವನು. "ಹೆಂಗಸು ಅಂತ ನಿಮಗೆ ಹೇಗ್ರೀ ಗೊತ್ತಾಯ್ತು? ಪಾರ್ಸೆಲಿನಲ್ಲಿ ಸಿಕ್ಕಿದ್ದು ಅಂದ್ರಿ!"

ಯಾರೋ ನಕ್ಕರು. ಡಾಕ್ಟರಮ್ಮನೇ ಇರಬೇಕು. ಆ ನಗೆ ಅಂಚೆಯಮ್ಮನಿಗೆ ಮುಖಕ್ಕೆ ಬಿಸಿನೀರು ಎರಚಿದ ಹಾಗಾಯಿತು. ಬೇಕರಿಯವನು ಪುಸ್ತಕ ಕಿತ್ತುಕೊಂಡು ಪುಟ ತಿರುವಿದ, ಹಿಂಬದಿಯ ಲಕೋಟೆ ನೋಡಿದ, ಮತ್ತೆ ಪುಟ ತಿರುವಿದ. ಅವನ ಧ್ವನಿ ಒಡೆಯಿತು.

"ಪ್ರತಿ ಪುಟದಲ್ಲೂ ಅವನ ಕಪ್ಪು ಹೆಬ್ಬೆಟ್ಟಿದೆ. ಲಕೋಟೆ ನೋಡ್ರಿ, ಹಾಲಿನ ಹಾಗಿದೆ. ಅವನು ಮುಟ್ಟಿದ್ದರೆ ಇಷ್ಟು ಬಿಳಿಯಾಗಿ ಇರ್ತಿತ್ತಾ? ಹನ್ನೊಂದು ವರ್ಷ ಆ ಗುರುತು ಹಿಡಿದು ಬೈದವನು ನಾನು. ಅವತ್ತು ದೀಪದ ಕೆಳಗೆ ಹಿಡಿದವನೂ ನಾನೇ. ನಂಗೇ ಹೊಳೀಲಿಲ್ಲ!"

"ಆ ಮನುಷ್ಯನ ಮುಂದೆ ಏನೆಲ್ಲ ಕೂಗಿದಿರಿ ನೀವು," ಎಂದಳು ಡಾಕ್ಟರಮ್ಮ. "ಸಂದಿಯಲ್ಲಿ ಇಣುಕೋದು ಅಂತ."

"ನೀವೂ ಕೂಗಿದ್ರಿ," ಎಂದಳು ಅಂಚೆಯಮ್ಮ.

"ನಾವು ಗೊತ್ತಿಲ್ಲದೆ ಕೂಗಿದ್ವಿ!"

ವಕೀಲರು ಚೀಟಿಗಳನ್ನು ಮಡಿಸಿ ತಮ್ಮ ಜೇಬಿಗೆ ಹಾಕಿಕೊಳ್ಳುತ್ತಾ, ಇನ್ನು ಮುಂದೆ ಶನಿವಾರಗಳಂದು ಅಂಚೆಯಮ್ಮ ಬೇಕರಿಯ ಕಡೆ ಬರುವ ಅಗತ್ಯವಿಲ್ಲ ಎಂದು ಗೋಡೆಗೆ ಹೇಳಿದರು. ಮಗಳು ಅಪ್ಪನ ಕೈಯನ್ನು ಹೊದಿಕೆಯ ಮೇಲೆ ಸರಿಯಾಗಿ ಇಡುತ್ತಿದ್ದಳು. ಎಷ್ಟು ತಿಕ್ಕಿ ತೊಳೆದಿದ್ದರೋ, ಹೆಬ್ಬೆರಳಿನ ಉಗುರಿನ ಸುತ್ತ ಕಪ್ಪು ಗೆರೆ ಹಾಗೇ ಇತ್ತು.

ಕೆಳಗೆ ವ್ಯಾನಿನ ಹಾರನ್ನು ಕೇಳಿಸಿತು.

ಆರು ಜನ ಹೊತ್ತರು. ಮೆಟ್ಟಿಲ ತಿರುವಿನಲ್ಲಿ ಬೇಕರಿಯವನು ಜಾಗ ಬೇಡಿ ತಾನೂ ಹೆಗಲು ಕೊಟ್ಟ. ಅಂಚೆಯಮ್ಮ ಮುಂದೆ ಬಂದಾಗ ಅವಳಿಗೆ ಯಾರೂ ದಾರಿ ಬಿಡಲಿಲ್ಲ, ತಡೆಯಲೂ ಇಲ್ಲ. ಎಲ್ಲರೂ ಅವಳು ಅಲ್ಲಿಲ್ಲವೆಂಬಂತೆ ಇಳಿದುಹೋದರು. ವಕೀಲರ ಕಾರಿನಲ್ಲಿ ಮೂವರು ಹೋಗುತ್ತಾರೆ, ತನಗೆ ಜಾಗವಿಲ್ಲ ಎಂದು ಅವಳಿಗೆ ಹೇಳದೆಯೇ ಗೊತ್ತಾಯಿತು. ಖಾಲಿ ಹಾಲಿನಲ್ಲಿ ಬಾಡಿಗೆಯ ಮಂಚ, ಉದುರಿದ ಹೂವು, ಕುರ್ಚಿಯ ಮೇಲೆ ಬಿದ್ದ ನೀಲಿ ಪುಸ್ತಕ.

ಕೊನೆಗೆ ಇಳಿಯುತ್ತಿದ್ದ ಮಗಳು ಎರಡು ಮೆಟ್ಟಿಲು ಇಳಿದವಳು ವಾಪಸು ಬಂದಳು. ಪುಸ್ತಕ ತಂದು ಅಂಚೆಯಮ್ಮನ ಕೈಗೆ ಹಾಕಿದಳು. ಅದರ ಮೇಲೆ ನಾಲ್ಕಾಗಿ ಮಡಿಸಿದ ಒಂದು ಚೀಟಿ.

"ಇದು ಅಪ್ಪಂದು. ಆ ಲಕೋಟೆಗೆ ಹಾಕ್ಬೇಡ, ಅವರ ಕೈಗೇ ಕೊಡು ಅಂದಿದ್ರು. ಎರಡು ವಾರ ಆಯ್ತು, ಸಿಟ್ಟಿಗೆ ನಾನೇ ಕೊಟ್ಟಿರಲಿಲ್ಲ."

"ನನ್ನ ಕೈಗೇ ಅಂತ..." ಅಂಚೆಯಮ್ಮ ಚೀಟಿಯನ್ನು ತಿರುಗಿಸಿ ನೋಡಿದಳು. "ಅವರಿಗೆ ಗೊತ್ತಿತ್ತಾ?"

"ಬರೆದವರು ಬಿಟ್ಟು ಇನ್ಯಾರಿಗೂ ಆ ಲಕೋಟೆ ಬಿಚ್ಚೋವಷ್ಟು ಆಸೆ ಇರಲ್ಲ ಅಂದ್ರು. ನಾನು, ಹಾಗಾದ್ರೆ ಹೋಗಿ ಎಲ್ಲರ ಮುಂದೆ ಹೇಳಪ್ಪ ಅಂದೆ. ಅದು ಅವರು ಹೇಳೋ ಮಾತು, ನಂದಲ್ಲ ಅಂದ್ಬಿಟ್ರು." ಅವಳು ಖಾಲಿ ಮಂಚದ ಕಡೆ ನೋಡಿದಳು. "ಇವತ್ತು ಬೆಳಿಗ್ಗೆಯಿಂದ ಕಾದೆ ಆಂಟಿ. ಅವರ ಮುಂದೆ ನಿಂತಾದ್ರೂ ನೀವೇ ಬಾಯಿ ಬಿಡ್ತೀರೇನೋ ಅಂತ. ನೀವು ಕಪಾಟು ನೋಡ್ತಿದ್ರಿ."

"ತಪ್ಪಾಯ್ತು ತಾಯಿ."

"ನಂಗೆ ಹೇಳಿ ಏನು ಪ್ರಯೋಜನ?" ಎಂದು ಮಗಳು ಕಣ್ಣೊರೆಸಿಕೊಂಡು, ಮೆಟ್ಟಿಲನ್ನು ಎರಡೆರಡಾಗಿ ಇಳಿದುಹೋದಳು.

ಅಂಚೆಯಮ್ಮ ಲಿಫ್ಟಿನ ಗುಂಡಿ ಒತ್ತಿದಳು. ಅದು ಬಂತು, ಸದ್ದಿಲ್ಲದೆ ನಿಂತಿತು. ಅವಳು ತಲೆ ತಗ್ಗಿಸಿ ಹೊಸ್ತಿಲು ನೋಡಿದಳು. ಮಹಡಿಯ ನೆಲ ಮುಗಿಯುವಲ್ಲಿ ಲಿಫ್ಟಿನ ನೆಲ ಶುರುವಾಗಿತ್ತು. ನಡುವೆ ಒಂದು ಕೂದಲೆಳೆಯಷ್ಟೂ ಏರುತಗ್ಗಿರಲಿಲ್ಲ.

ಒಳಗೆ ಹೋಗಿ ದೀಪದ ಕೆಳಗೆ ಚೀಟಿ ಬಿಡಿಸಿದಳು. ಮೂಲೆಯಲ್ಲಿ ಕಪ್ಪು ಹೆಬ್ಬೆಟ್ಟು. ಪೆನ್ಸಿಲಿನ ದಪ್ಪ ಅಕ್ಷರ.

"ಹತ್ತಕ್ಕೆ ನಾಲ್ಕು. ಬರೆದವರಿಗೆ ಪತ್ರದ ಚೀಲದ ವಾಸನೆ ಗೊತ್ತಿದೆ. ಅರವತ್ತೊಂದನೇ ಪುಟ ಮೂರು ಸಲ ಓದಿದೆ. ಆದರೆ ಈ ಹೆಂಗಸು ಮೂವತ್ತು ವರ್ಷದಲ್ಲಿ ಪರರ ಕಾಗದ ಒಂದೂ ಬಿಚ್ಚಲಿಲ್ಲ ಅನ್ನುವುದನ್ನು ನಾನು ನಂಬುವುದಿಲ್ಲ. ಅವಳ ಕೈಲಿ ಒಂದಾದರೂ ಬಿಚ್ಚಿಸಿ. ಬಿಚ್ಚಿದ ಮೇಲೆ ಅವಳಿಗೆ ಹೇಗಾಯಿತು ಬರೆಯಿರಿ. ಬರೆದು ಕೊಡಿ, ಮತ್ತೆ ಓದುತ್ತೇನೆ."

ಕೆಳಗೆ ವ್ಯಾನು ಹೊರಟ ಸದ್ದಾಯಿತು. ಅವಳು ಅರವತ್ತೊಂದನೇ ಪುಟ ತೆಗೆದಳು. ಮೂಲೆ ಪೂರ್ತಿ ಕಪ್ಪಾಗಿತ್ತು. ಒಂದು ಗುರುತಿನ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಲಿಫ್ಟಿನ ಬಾಗಿಲು ತಾನಾಗಿ ಮುಚ್ಚಿಕೊಂಡ ಮೇಲೂ ಅವಳು ಆ ಕಪ್ಪಿನ ಮೇಲೆ ತನ್ನ ಹೆಬ್ಬೆರಳಿಟ್ಟುಕೊಂಡು ನಿಂತಿದ್ದಳು. ಯಾವ ಮಹಡಿಯ ಗುಂಡಿಯನ್ನೂ ಒತ್ತಿರಲಿಲ್ಲ.